ಸಿರಿ ಸುಮ್ಮನಿದ್ದ ಮೂರು ವಾರ

ಅಲ್ಲ ಕಣೋ ಭುವನ್, ಅವಳ ಬಾಯಿ ಮುಚ್ಚಿಸೋಕೆ ಹೋಗ್ಬೇಡ, ಹಾಡ್ಕೊಳ್ಲಿ ಬಿಡು. ನಿನ್ ಟೀವಿ ಕೇಳಲ್ಲ ಅಂದ್ರೆ ಟೀವಿ ಆಫ್ ಮಾಡಿ ಬಾ, ಇಲ್ಲಿ ಕೂತ್ಕೋ. ಈ ಮನೇಲಿ ನಿಮ್ಮಕ್ಕನ ಬಾಯಿ ಒಂದ್ಸಲ ಮುಚ್ಚಿಸಿ ಆಗಿದೆ, ಸಾಕು. ಯಾರಿಂದ ಅಂತೀಯಾ? ನಿನ್ನಿಂದಾನೇ. ಅಲ್ಲಲ್ಲ, ನಿನ್ನಿಂದ ಅನ್ನೋದು ತಪ್ಪು, ನೀನಾಗ ಮೊಳದುದ್ದ ಇದ್ದೆ, ನಿಂಗೇನು ಗೊತ್ತು ಪಾಪ. ನನ್ನಿಂದ. ಸಿರಿ, ನೀನೂ ಬಾ ಮಾರಾಯ್ತಿ, ಈ ಮೆಟ್ಲ ಮೇಲೆ ಕೂತ್ಕೋ. ನಿಂಗೆ ನೆನಪಿಲ್ಲ, ಗೊತ್ತು. ನಂಗೆ ನೆನಪಿದೆ, ಅದೇ ಕಷ್ಟ.

ಆಗ ನಾವು ಶಿವಮೊಗ್ಗದ ವಿನೋಬನಗರದಲ್ಲಿ ಇನ್ನೊಂದು ಮನೇಲಿದ್ವಿ, ಮಹಡಿ ಮೇಲೆ, ಎರಡು ರೂಮು, ಒಂದು ಬಚ್ಚಲು. ಈ ರೂಮಲ್ಲಿ ಕೆಮ್ಮಿದ್ರೆ ಆ ರೂಮಲ್ಲಿ ಎಚ್ಚರ ಆಗೋದು. ನಿಮ್ಮಮ್ಮ ಎರಡನೇ ಹೆರಿಗೆಗೆ ಅಂತ ಬಂದಿದ್ಲು, ಜೊತೇಲಿ ಸಿರಿ, ಎರಡು ವರ್ಷ ಎಂಟು ತಿಂಗಳು. ನಿಮ್ಮಪ್ಪನಿಗೆ ಬೀಜದ ಕಂಪನಿ ಕೆಲಸ, ವಾರ ಪೂರ್ತಿ ಊರೂರು ಸುತ್ತೋದು, ಶನಿವಾರ ಬಂದು ಬ್ಯಾಗ್ ಇಟ್ಟು ಅಲ್ಲೇ ಚಾಪೆ ಮೇಲೆ ಬಿದ್ಕೊಳ್ಳೋನು. ಹೋಗ್ಲಿ, ಬಾಣಂತನಕ್ಕೆ ನಿಮ್ಮಜ್ಜಿ ಇದಾಳಲ್ಲ ಅಂತ ನಾನು ಆರಾಮಾಗಿದ್ದೆ. ಹೆರಿಗೆಗೆ ಇನ್ನೇನು ಹನ್ನೆರಡು ದಿನ ಇದೆ ಅನ್ನೋವಾಗ ನಿಮ್ಮಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರ್ಕೊಂಡ್ಲು. ಮೊಣಕೈ ಮೇಲಿನವರೆಗೆ ಪ್ಲಾಸ್ಟರು. ಕೈ ಮುರಿದಿತ್ತು ಅಷ್ಟೇ, ಬಾಯಿ ಗಟ್ಟಿಯಾಗೇ ಇತ್ತು. ಕುರ್ಚಿ ಮೇಲೆ ಕೂತು ಶುರು ಮಾಡೋಳು. 'ರೀ, ಬೆಳ್ಳುಳ್ಳಿ ಸೀದೋಯ್ತು!' 'ರೀ, ಬಾಣಂತಿಗೆ ತಣ್ಣೀರು ಮುಟ್ಟಿಸ್ಬೇಡ್ರೀ!' 'ರೀ, ಮಗು ಕತ್ತು ಹಿಡ್ಕೊಳ್ರೀ, ಅದೇನು ಕುಂಬಳಕಾಯಿನಾ!' ಭದ್ರಾವತೀಲಿ ಒಂದು ಫೌಂಡ್ರೀಲಿ ಮೂವತ್ತು ವರ್ಷ ಕಬ್ಬಿಣ ಕಾಸಿದೋನು ನಾನು, ಮೆಣಸಿನ ಸಾರು ಕಾಸೋಕೆ ಬರ್ಲಿಲ್ಲ ನೋಡು. ಮೊದಲ ದಿನ ಮಾಡಿದ ಸಾರು ನಿಮ್ಮಮ್ಮ ಕುಡಿದು ಕಣ್ಣಲ್ಲಿ ನೀರು ಹಾಕ್ಕೊಂಡ್ಲು. ಖಾರಕ್ಕೋ, ಸಂಕಟಕ್ಕೋ, ಕೇಳೋ ಧೈರ್ಯ ನಂಗಿರ್ಲಿಲ್ಲ.

ನಾನೇನು ಹೇಳ್ತಿದ್ದೆ... ಹಾಂ, ಭುವನ್. ಇವನು ಹುಟ್ಟಿದ್ದು ಆಪರೇಷನ್ ಆಗಿ. ಐದನೇ ದಿನ ಮನೆಗೆ ಬಂದ. ಬಂದವನು ಅತ್ತ ನೋಡು, ಅತ್ತ! ಹಾಲು ಕುಡಿದ್ರೂ ಅಳೋದು, ಕುಡೀದಿದ್ರೂ ಅಳೋದು, ಎತ್ಕೊಂಡ್ರೂ ಅಳೋದು, ಮಲಗಿಸಿದ್ರೂ ಅಳೋದು. ನೀರು ಹಾಕೋಕೆ ಒಬ್ಬ ಹೆಂಗಸು ಬರ್ತಿದ್ಲು, ಅವಳು ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಾಕಿ, ಬಟ್ಟೆ ಸುತ್ತಿ ಮಲಗಿಸಿದ್ರೆ ಹತ್ತು ಗಂಟೆಗೆ ಮಲಗೋನು, ಹನ್ನೆರಡಕ್ಕೆ ಏಳೋನು. ದಿನಕ್ಕೆ ಆ ಎರಡೇ ಗಂಟೆ. ನಿಮ್ಮಮ್ಮನ ನಿದ್ದೇನೂ ಆ ಎರಡೇ ಗಂಟೆ. ಅದಕ್ಕೆ ಆ ಹೊತ್ತಲ್ಲಿ ಮನೆ ಮನೆಯಾಗಿರ್ತಿರ್ಲಿಲ್ಲ. ಕುಕ್ಕರ್ ಇಡಂಗಿಲ್ಲ, ಮಿಕ್ಸಿ ಹಾಕಂಗಿಲ್ಲ, ಕೆಳಗಡೆ ಸೊಪ್ಪು ಮಾರೋನು 'ಸೊಪ್ಪೋ' ಅಂದ್ರೆ ನಾನು ಬಾಲ್ಕನಿಗೆ ಓಡಿ ಕೈ ಮುಗಿಯೋದು. ಎಲ್ಲಾರೂ ಸರಿ, ಸಿರಿನ ಏನು ಮಾಡೋದು? ಇವಳು ಹುಟ್ಟಾ ಬಾಯಾಳಿ. ಎದ್ದಾಗಿಂದ ಮಲಗೋವರೆಗೆ ಮಾತು, ಮಾತು ಮುಗಿದ್ರೆ ಹಾಡು. ಅಮ್ಮ, ಪಾಪು ಮಲಗಿರೋ ರೂಮಿನ ಬಾಗಿಲ ಮುಂದೆ ಹೋಗಿ ನಿಂತು 'ಅಮ್ಮಾ, ಬಾಗ್ಲು ತೆಗಿ, ನಾನು ಸಿರಿ' ಅನ್ನೋಳು. ಸಿರಿ ಅಂತ ಅಮ್ಮನಿಗೆ ಗೊತ್ತಿಲ್ಲ ಅಂದ್ಕೊಂಡಿದ್ಲೋ ಏನೋ. 'ಶ್, ಪಾಪು ಮಲಗಿದಾನೆ' ಅಂತ ನಿಮ್ಮಜ್ಜಿ. 'ಶ್' ಅಂತ ನಾನು. 'ಅಮ್ಮನ ಹೊಟ್ಟೆ ಮೇಲೆ ಗಾಯ ಇದೆ, ಹತ್ಬೇಡ' ಅಂತ ನೀರು ಹಾಕೋಳು. ಬೆಳಗಿಂದ ಸಂಜೆವರೆಗೆ ಇವಳ ಕಿವಿಗೆ ಬೀಳ್ತಿದ್ದಿದ್ದು ಅದೊಂದೇ ಶ್.

ಅದರ ಮಧ್ಯೆ ಇವನು ಹಳದಿಗಟ್ಟಿದ. ಕಾಮಾಲೆ. ಹುಟ್ಟಿದ ಕೂಸುಗಳಿಗೆ ಬರೋದು ಅದು, ಹೆದರ್ಕೊಳ್ಳೋಂಥದ್ದಲ್ಲ, ಆದ್ರೆ ಡಾಕ್ಟ್ರು ಹಣೆ ಬೆರಳಲ್ಲಿ ಒತ್ತಿ, ಬಿಟ್ಟಾಗ ಹಳದಿ ಕಾಣುತ್ತಾ ಅಂತ ನೋಡಿ ಅಡ್ಮಿಟ್ ಮಾಡಿ ಅಂದ್ರು. ಎರಡು ದಿನ ಒಂದು ಪೆಟ್ಟಿಗೇಲಿ, ನೀಲಿ ಲೈಟು, ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದ್ರು. ಮಧ್ಯಾಹ್ನ ಊಟ ತಗೊಂಡು ಹೋಗೋವಾಗ ಇವಳನ್ನೂ ಎತ್ಕೊಂಡು ಹೋಗಿದ್ದೆ, ಮನೇಲಿ ನಿಮ್ಮಜ್ಜಿ ಒಂದು ಕೈಲಿ ನೋಡ್ಕೊಳ್ಳೋಕಾಗಲ್ಲ ಅಂತ. ಒಳಗೆ ಡಾಕ್ಟ್ರು ಮತ್ತೆ ಇವನ ಹಣೆ ಒತ್ತಿ ನೋಡ್ತಿದ್ರು. ಇವಳು ಗಾಜಿಗೆ ಮೂಗು ಒತ್ಕೊಂಡು ನೋಡಿದ್ಲು, ಹಾಂ, ತುಂಬ ಹೊತ್ತು ನೋಡಿದ್ಲು. 'ಪಾಪುಗೆ ಏನಾಯ್ತು ತಾತ?' 'ಹಳದಿ ಆಗಿದಾನೆ ಕಣಮ್ಮ' ಅಂದೆ, ಕ್ಯಾರಿಯರ್ ಬಿಚ್ತಾ. ಅಷ್ಟೇ. ಅದಾದ್ಮೇಲೆ ಇವಳು ಏನೂ ಕೇಳ್ಲಿಲ್ಲ. ಕೇಳ್ಲಿಲ್ಲ ಅನ್ನೋದು ನಂಗೆ ಆಮೇಲೆ ಹೊಳೆದಿದ್ದು.

ಇವನು ವಾಪಸ್ ಬಂದ್ಮೇಲೆ ಮನೆ ಸುಧಾರಿಸ್ತು ಅಂದ್ಕೊಂಡ್ವಿ. ಸಿರಿ ಅಷ್ಟು ಜಾಣೆ ಆಗ್ಬಿಟ್ಲು! ಬಾಗಿಲ ಹತ್ರ ಹೋಗಲ್ಲ, ಹಠ ಇಲ್ಲ, ಕೂಗಾಟ ಇಲ್ಲ. ಮೂಲೇಲಿ ಕೂತು ನಿಮ್ಮಜ್ಜಿ ಡಬ್ಬಿಯಿಂದ ಬಟಾಣಿ ತೆಗ್ದು ಇನ್ನೊಂದು ಡಬ್ಬಿಗೆ ಹಾಕೋದು, ಅದನ್ನ ತೆಗ್ದು ಮತ್ತೆ ಇದಕ್ಕೆ ಹಾಕೋದು. ಹಸಿವಾದ್ರೆ ತಟ್ಟೆ ತಂದು ಮುಂದೆ ಇಡೋಳು. ಉಚ್ಚೆ ಬಂದ್ರೆ ಪಂಚೆ ಎಳೆಯೋಳು. ನಿಮ್ಮಜ್ಜಿ ಫೋನಲ್ಲಿ ಎಲ್ಲಾರಿಗೂ ಹೇಳಿದ್ದೇ ಹೇಳಿದ್ದು, 'ನಮ್ಮ ಸಿರಿಗೆ ಎಷ್ಟು ಬೇಗ ದೊಡ್ಡತನ ಬಂತು ಗೊತ್ತಾ!' ನಿಮ್ಮಪ್ಪ ಶನಿವಾರ ಬಂದು 'ಭಲೇ' ಅಂತ ಬೆನ್ನು ತಟ್ಟಿ ಬಿಸ್ಕತ್ತು ಕೊಟ್ಟು ಮಲಗಿದ. ನಮಗೆಲ್ಲ ಎಷ್ಟು ಸುಸ್ತಾಗಿತ್ತು ಅಂದ್ರೆ, ಒಂದು ಮಗು ಸುಮ್ಮನಾಯ್ತಲ್ಲ ಅಂತ ಸಮಾಧಾನ ಆಯ್ತೇ ಹೊರ್ತು ಯಾಕೆ ಸುಮ್ಮನಾಯ್ತು ಅಂತ ಕೇಳ್ಬೇಕು ಅನ್ನಿಸ್ಲೇ ಇಲ್ಲ. ನಾಚಿಕೆ ಆಗುತ್ತೆ ಈಗ. ಆದ್ರೆ ನಿಜ ಅದು.

ಇನ್ನು ನನ್ನ ಕಥೆ ಕೇಳಿ. ಫೌಂಡ್ರಿ ಸದ್ದಲ್ಲಿ ನನ್ನ ಕಿವಿ ಆಗ್ಲೇ ಅರ್ಧ ಹೋಗಿತ್ತು. ನಿಮ್ಮಮ್ಮ ಕಿವಿಗೆ ಹಾಕೋ ಮಿಷನ್ನು ಕೊಡಿಸಿದ್ಲು, ನಾನು ಡಬ್ಬೀಲೇ ಇಟ್ಟಿದ್ದೆ. ಅದನ್ನ ಹಾಕ್ಕೊಂಡ್ರೆ ಇವನ ಅಳು ತಲೆ ಒಳಗೇ ಕೂತಂಗಾಗೋದು. ಕಿವುಡ ಅಂತ ಹೇಳ್ಕೊಳ್ಳೋಕೂ ಮರ್ಯಾದೆ. ಅದಕ್ಕೆ ಒಂದು ಉಪಾಯ ಮಾಡ್ಕೊಂಡಿದ್ದೆ, ಯಾರೇ ಮಾತಾಡಿದ್ರೂ ಮುಖ ನೋಡೋದು, ತುಟಿ ಅಲ್ಲಾಡಿದ್ರೆ 'ಹೂಂ' ಅನ್ನೋದು, ಸ್ವಲ್ಪ ಜಾಸ್ತಿ ಅಲ್ಲಾಡಿದ್ರೆ 'ಹೌದಾ!' ಅನ್ನೋದು. ಬೀದಿ ಜನದ ಹತ್ರಾನೂ ನಡೀತಿತ್ತು, ನೆಂಟರ ಹತ್ರಾನೂ ನಡೀತಿತ್ತು. ಸಿರಿ ನನ್ನ ತೊಡೆ ಮೇಲೆ ಕೂತು ಸಂಜೆ ಹೊತ್ತು ತುಟಿ ಅಲ್ಲಾಡಿಸೋಳು. ನಾನು 'ಹೂಂ ಪುಟ್ಟಾ, ಹೌದಾ ಪುಟ್ಟಾ' ಅನ್ನೋನು. ತಾತನ ಹತ್ರ ಚೆನ್ನಾಗಿ ಮಾತಾಡ್ತಾಳಲ್ಲ, ಮತ್ತೇನು ಅಂತ ನಿಮ್ಮಜ್ಜೀನೂ ಅಂದ್ಕೊಂಡಿದ್ಲು.

ಹಿಂಗಿರೋವಾಗ ನಂಗೆ ಭದ್ರಾವತಿ ಬ್ಯಾಂಕಿಗೆ ಹೋಗೋ ಕೆಲಸ ಬಂತು. ಬದುಕಿದೀನಿ ಅಂತ ವರ್ಷಕ್ಕೊಂದ್ಸಲ ಹೋಗಿ ಮುಖ ತೋರಿಸ್ಬೇಕಲ್ಲ ಪೆನ್ಷನ್ನಿಗೆ, ಅದು. ಹಿಂದಿನ ವರ್ಷ ಬ್ಯಾಂಕಿನ ಹುಡುಗಿ ಕೇಳಿದ್ದಕ್ಕೆಲ್ಲ ನಾನು 'ಹೂಂ' ಅಂದು ರೇಗಿಸ್ಕೊಂಡಿದ್ದೆ. 'ನಿಮ್ಮ ಹೆಂಡತಿ ತೀರ್ಕೊಂಡಿದಾರಾ?' ಅಂದ್ಳಂತೆ, ನಾನು 'ಹೂಂ' ಅಂದಿದ್ದೆ! ನಗ್ಬೇಡ್ರೋ, ನಿಮ್ಮಜ್ಜಿ ಇವತ್ತಿಗೂ ಅದನ್ನ ಮರ್ತಿಲ್ಲ. ಅದಕ್ಕೆ ಈ ಸಲ ಮಿಷನ್ನು ಹಾಕ್ಕೊಂಡೆ, ಹೊಸ ಬ್ಯಾಟರಿ ಹಾಕಿ. ಸಿರಿನೂ ಕರ್ಕೊಂಡೆ, ಮನೇಲಿ ಒಂದು ಜನ ಕಮ್ಮಿ ಆಗ್ಲಿ ಅಂತ. ಬಸ್ಸಲ್ಲಿ ಕಿಟಕಿ ಪಕ್ಕ ಕೂರಿಸ್ದೆ. ಹೊರಗೆ ಏನೋ ನೋಡಿ ನನ್ನ ಕಡೆ ತಿರುಗಿ ತುಟಿ ಅಲ್ಲಾಡಿಸಿದ್ಲು. ಏನೂ ಕೇಳ್ಲಿಲ್ಲ. ಮಿಷನ್ನು ಹಾಳಾಗಿದೆ ಅಂದ್ಕೊಂಡೆ, ತಿರುಗಿಸ್ದೆ, ತಟ್ಟಿದೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ, ಕಿವಿ ಹರಿದೋಗೋಂಗೆ ಕೇಳಿಸ್ತು. ಹಿಂದಿನ ಸೀಟಲ್ಲಿ ಇಬ್ಬರು ಹೆಂಗಸರು ಮೆತ್ತಗೆ ಸೊಸೇನ ಬೈಕೊಳ್ತಿದ್ರು, ಅದೂ ಒಂದೊಂದು ಮಾತೂ ಕೇಳಿಸ್ತು. ಸಿರಿ ಮಾತ್ರ... ತುಟಿ ಅಲ್ಲಾಡ್ತಿದೆ, ನಗ್ತಿದಾಳೆ, ಬೆರಳು ಮಾಡಿ ತೋರಿಸ್ತಿದಾಳೆ, ಉಸಿರು ಬಿಟ್ರೆ ಸದ್ದಿಲ್ಲ. ಒಂದು ಚೂರೂ ಸದ್ದಿಲ್ಲ. ಇಷ್ಟು ದಿನ ನಾನು 'ಹೌದಾ, ಹೌದಾ' ಅಂದಿದ್ದು ಯಾವುದಕ್ಕೆ?

ಭದ್ರಾವತೀಲಿ ಇಳಿದು ನಮ್ಮ ಹಳೇ ಟೀ ಅಂಗಡಿಗೆ ಹೋದೆ. ಅಂಗಡಿ ಮುನಿಯಮ್ಮ ತಮಿಳಿನೋಳು, ನನ್ನ ಡ್ಯೂಟಿ ಕಾಲದಿಂದ ಪರಿಚಯ. 'ಯಾರಣ್ಣಾ ಇದು, ಮೊಮ್ಮಗಳಾ? ಹೆಸರೇನು ಕಣ್ಣೂ?' ಅಂದ್ಲು. ಇವಳು ತುಟಿ ಅಲ್ಲಾಡಿಸಿದ್ಲು. ಮುನಿಯಮ್ಮ ಬಗ್ಗಿ ಕಿವಿ ಕೊಟ್ಳು, ಮತ್ತೆ ಕೇಳಿದ್ಲು, ಮತ್ತೆ ಅದೇ. ಆಮೇಲೆ ನನ್ನ ಕಡೆ ನೋಡಿ ಸಣ್ಣ ದನೀಲಿ, 'ಮಗೂಗೆ ಮಾತು ಬರಲ್ವಾ ಅಣ್ಣಾ?' ಟೀ ಅಲ್ಲೇ ಬಿಟ್ಟೆ. ಬ್ಯಾಂಕಿಗೆ ಹೋಗ್ಲಿಲ್ಲ. ಇವಳನ್ನ ಎತ್ಕೊಂಡು ಹೊಳೆ ಕಡೆ ನಡೆದೆ. ಯಾಕೆ ಹೊಳೆ ಕಡೆ ಅಂತ ಕೇಳ್ಬೇಡಿ, ಆಸ್ಪತ್ರೆಗೆ ಹೋಗ್ಬೇಕಿತ್ತು ನಿಜ, ತಲೆ ಓಡ್ಲಿಲ್ಲ. ಮೆಟ್ಲ ಮೇಲೆ ಕೂರಿಸಿ ಮುಂದೆ ಕೂತೆ. 'ಸಿರಿ, ತಾತನ ಹತ್ರ ಮಾತಾಡಮ್ಮ. ಜೋರಾಗಿ ಮಾತಾಡು' ಅಂದೆ. ಇವಳು ಆ ಕಡೆ ನೋಡಿದ್ಲು, ಈ ಕಡೆ ನೋಡಿದ್ಲು. ನನ್ನ ಕಿವಿ ಹತ್ರ ಬಂದ್ಲು. ಕೈ ಅಡ್ಡ ಇಟ್ಕೊಂಡು, ಗಂಟಲು ಕಟ್ಟಿದಂಗೆ ಒಂದು ದನಿ ಬಂತು ನೋಡು.

'ತಾತ, ಇಲ್ಲಿಂದ ಪಾಪುಗೆ ಕೇಳುತ್ತಾ?'

'ಇಲ್ಲ ಕಣಮ್ಮ, ಪಾಪು ಶಿವಮೊಗ್ಗದಲ್ಲಿದಾನೆ, ಕೇಳಲ್ಲ. ಕೇಳಿದ್ರೆ ಏನಾಗುತ್ತೆ?'

'ಹಳದಿ ಆಗ್ತಾನೆ. ನೀನೇ ಹೇಳಿದ್ದು.'

ನಾನೇ ಹೇಳಿದ್ದು. ಆಗ ನೆನಪಾಯ್ತು. ಇವನು ಹಳದಿಗಟ್ಟೋಕೆ ಸ್ವಲ್ಪ ಮುಂಚೆ, ಇವಳು ಬಾಗಿಲು ಬಡಿದು ಕೂಗಿ ಇವನನ್ನ ಎಬ್ಬಿಸಿದ್ಲು. ನಂಗೆ ಸಾರು ಬೇರೆ ಉಕ್ಕಿತ್ತು, ಸಿಟ್ಟು ಬಂತು. 'ನಿನ್ ಸದ್ದು ಕೇಳಿದ್ರೆ ಪಾಪುಗೆ ಕಾಯಿಲೆ ಬರುತ್ತೆ, ತಗೊಂಡೋಗಿ ಆಸ್ಪತ್ರೇಲಿ ಹಾಕ್ಬಿಡ್ತಾರೆ ನೋಡು!' ಅಂದಿದ್ದೆ. ಅಂದು, ಒಲೆ ಒರೆಸಿ, ಮರ್ತೂಬಿಟ್ಟಿದ್ದೆ. ಎರಡು ದಿನ ಆಗಿಲ್ಲ, ಹಂಗೇ ಆಯ್ತಲ್ಲ. ಪೆಟ್ಟಿಗೇಲಿ ಕಣ್ಣು ಕಟ್ಟಿ ಮಲಗಿಸಿದ್ದನ್ನ ಇವಳು ಕಣ್ಣಾರೆ ನೋಡಿದ್ಲಲ್ಲ. ಎರಡೂವರೆ ವರ್ಷದ ಕೂಸು ಮೂರು ವಾರ ತನ್ನ ದನೀನ ಹಿಡ್ಕೊಂಡು ತಮ್ಮನನ್ನ ಕಾಪಾಡಿದೆ, ನಾವು ಅದಕ್ಕೆ ಜಾಣೆ ಅಂತ ಬಿಸ್ಕತ್ತು ಕೊಟ್ಟಿದೀವಿ. ನಾನು ಅತ್ತೆ. ಮುಚ್ಚಿಡೋದೇನಿದೆ, ಅತ್ತೆ. ಇವಳು ನನ್ನ ಮುಖ ನೋಡಿ ಹೆದರ್ಕೊಂಡ್ಳು. ಸರಿ ಅಂತ ಕಣ್ಣು ಒರೆಸ್ಕೊಂಡು, 'ಕೂಗು ಪುಟ್ಟಾ, ಎಷ್ಟು ಬೇಕೋ ಅಷ್ಟು ಕೂಗು' ಅಂದೆ. 'ನೀರು!' ಅಂದ್ಳು. 'ಕಾಗೆ!' ಅಂದ್ಳು. 'ಬಸ್ಸು!' ಆಮೇಲೆ ಎದ್ದು ನಿಂತು 'ಅಮ್ಮಾ!' ಅಂತ ಕೂಗಿದ್ಲು ನೋಡು, ಬಟ್ಟೆ ಒಗೀತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ತಿರುಗಿ ನೋಡಿದ್ರು.

ಅಲ್ಲಿಗೆ ಮುಗೀತು ಅಂದ್ಕೊಂಡ್ರಾ? ಎಲ್ಲಿ ಬಂತು. ಮನೆ ಮೆಟ್ಲು ಹತ್ತಿದ ತಕ್ಷಣ ಮತ್ತೆ ಬಾಯಿಗೆ ಬೀಗ. ನಿಮ್ಮಮ್ಮನಿಗೆ ಎಲ್ಲಾ ಹೇಳ್ದೆ, ತಲೆ ತಗ್ಗಿಸ್ಕೊಂಡು. ಬೈತಾಳೆ ಅಂದ್ಕೊಂಡೆ. ಬೈಯೋಕೂ ಅವಳಲ್ಲಿ ಶಕ್ತಿ ಇರ್ಲಿಲ್ಲ. 'ಅಪ್ಪಾ, ನಾನೂ ನೋಡ್ಲಿಲ್ಲ. ನಿದ್ದೆ ಬಂದ್ರೆ ಸಾಕು ಅಂತಿದ್ದೆ' ಅಂದ್ಳು. ಗೋಡೆ ಹಿಡ್ಕೊಂಡು ಎದ್ದು ಬಂದು ಸಿರಿನ ಕರ್ಕೊಂಡೋಗಿ ಹಾಸಿಗೆ ಮೇಲೆ ಪಕ್ಕದಲ್ಲೇ ಕೂರಿಸ್ಕೊಂಡ್ಳು. ಮಧ್ಯಾಹ್ನ ಆಗಿತ್ತು, ಅವತ್ತು ಅಪರೂಪಕ್ಕೆ ಇವನು ಇನ್ನೂ ಮಲಗಿದ್ದ. 'ಮಾತಾಡು ಸಿರಿ. ಪಾಪು ಕಿವಿ ಹತ್ರಾನೇ ಮಾತಾಡು. ಎದ್ರೆ ಏಳ್ಲಿ' ಅಂದ್ಳು. ಸಿರಿ ಇಲ್ಲ ಅಂತ ತಲೆ ಅಲ್ಲಾಡಿಸಿದ್ಲು. ಆಮೇಲೆ ಮೆಲ್ಲಗೆ ಬಗ್ಗಿ, 'ಪಾಪು' ಅಂದ್ಳು. ಅಂದವಳೇ ಬೆರಳಿಂದ ಇವನ ಹಣೆ ಒತ್ತಿ ನೋಡಿದ್ಲು, ಡಾಕ್ಟ್ರು ನೋಡಿದಂಗೇ. ಬೆರಳು ತೆಗೆದ್ಲು, ಹಣೆ ಕೆಂಪಗಾಯ್ತು, ಹಳದಿ ಅಲ್ಲ. 'ಪಾಪು, ನಾನು ಸಿರಿ' ಅಂದ್ಳು. ಮತ್ತೆ ಒತ್ತಿ ನೋಡಿದ್ಲು. ಇವನು ಎದ್ದು ಕಿರುಚ್ಕೊಂಡ, ಏಳ್ದೇ ಇರ್ತಾನಾ. ಹದಿನೈದು ದಿನ ಹಂಗೇ ನಡೀತು, ಮಾತಿಗೊಂದ್ಸಲ ಇವನ ಹಣೆ ಒತ್ತೋದು, ಇವನು ಅಳೋದು. ಮನೇಲಿ ಯಾರಿಗೂ ನಿದ್ದೆ ಇಲ್ಲ. ಇರ್ಲಿ ಅಂದ್ಳು ನಿಮ್ಮಮ್ಮ, ಕಣ್ಣು ಮುಚ್ಕೊಂಡೇ.

ನೀವೂ ನಾಳೆ ದೊಡ್ಡೋರಾಗ್ತೀರಿ, ಕೇಳ್ಕೊಳ್ಳಿ. ಮಕ್ಕಳನ್ನ ಸುಮ್ಮನಾಗಿಸೋಕೆ ಅಂತ ಬಾಯಿಗೆ ಬಂದಿದ್ದು ಹೇಳ್ತೀವಲ್ಲ, ನಾವು ಒಲೆ ಒರೆಸೋಷ್ಟರಲ್ಲಿ ಮರ್ತು ಹೋಗ್ತೀವಿ, ಅವು ಅದನ್ನೇ ನಂಬ್ಕೊಂಡು ಕೂತಿರ್ತಾವೆ. ಸುಸ್ತಾಗಿದ್ರೆ ಸುಸ್ತಾಗಿದೆ ಅಂತ ಹೇಳ್ಬೇಕು, ಅಷ್ಟೇ. ಈಗ ನಂಗೂ ಸುಸ್ತಾಗಿದೆ. ಏಳಿ.