ಕಿಟಕಿಗೆ ತಾಗುವ ಕೊಂಬೆ

ಚೆನ್ನೈನ ವಡಪಳನಿ ಗುಡಿಯ ಸಾಲಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಸುಮೇಧಾ ಮೊಬೈಲು ಚೀಲಕ್ಕೆ ಹಾಕಿದಳು. ಮುಂದೆ ಒಬ್ಬರು ಮುದುಕರು, ಜೊತೆಗೆ ಅವರ ಪಕ್ಕದ ಮನೆಯಾಕೆ.

“ಜಯಾ, ಈ ತಿಂಗಳು ಕಾರಿಗೆ ಒಂದು ಗೀರೂ ಬಿದ್ದಿಲ್ಲಮ್ಮ. ನಿಮ್ಮನೆ ಕಾಗದದ ಹೂವಿನ ಗಿಡ ಕಡಿಸಿಬಿಟ್ಯಾ?”

“ಇಲ್ಲ ಮಾಮಾ. ಹಳೇ ಸೀರೆ ಹರಿದು ಕೊಂಬೆಗಳನ್ನೆಲ್ಲ ಕಾಂಪೌಂಡ್ ಒಳಗೆ ಎಳೆದು ಕಟ್ಟಿದೆ. ಡಯಾಲಿಸಿಸ್‌ಗೆ ಮಾಮಿನ ಕರ್ಕೊಂಡು ಹೋಗೋವಾಗ್ಲೂ ನೀವು ಕಾರಿಂದ ಇಳಿದು ಮುಳ್ಳು ಸರಿಸ್ತಿದ್ರಲ್ಲ, ನೋಡೋಕಾಗ್ಲಿಲ್ಲ.”

“ದೊಡ್ಡ ಉಪಕಾರ ಮಾಡಿದೆ ತಾಯಿ.”

“ಅಯ್ಯೋ, ಇದೇನು ಮಹಾ!”

“ಇನ್ನೊಂದು ಕೇಳ್ಲಾ? ಒಂದೇ ಒಂದು ಕೊಂಬೆ ಬಿಚ್ಚಿಬಿಡು. ಆಸ್ಪತ್ರೆಗೆ ಹೋಗೋವಾಗ ಹೂ ಕಾರಿನ ಕಿಟಕಿ ಹತ್ರ ಬರೋದನ್ನೇ ನಿಮ್ಮ ಮಾಮಿ ಕಾಯ್ತಿದ್ಲಂತೆ. ನಿನ್ನೆ ಹೇಳಿದ್ಲು.”

“ಕಾರಿಗೆ ಗೀಚತ್ತೆ ಮಾಮಾ.”

“ಗೀಚ್ಲಿ ಬಿಡು,” ಅಂದವರೇ ಮುದುಕರು ಸಾಲಿನೊಂದಿಗೆ ಒಳಗೆ ಸರಿದರು.