ಮುಚ್ಚಿದ ಕಿಂಡಿ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹಳೇ ಫ್ಲಾಪಿಗಳಿಂದ ಫೈಲು ತೆಗೆದುಕೊಡುವ ಅಂಗಡಿಯೊಂದಿದೆ. ಅಲ್ಲಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಬೇಗೂರಿನ ಅಕ್ಕ, ತಮ್ಮ ಕೂತಿದ್ದರು. ಅಕ್ಕನ ಕೈಯಲ್ಲೊಂದು ಕಪ್ಪು ಫ್ಲಾಪಿ. ಅದರ ಮೇಲೆ ‘ನಮ್ಮ ವಂಶವೃಕ್ಷ’ ಎಂದು ಬರೆದ ಚೀಟಿ.

“ಕೆಂಪರಾಜು, ಈ ಫ್ಲಾಪಿ ಮೂಲೇಲಿರೋ ಸಣ್ಣ ಕಿಂಡಿ ಯಾಕೋ ಮುಚ್ಚಿದೆ?”

“ಮೊದ್ಲಿಂದ್ಲೂ ಹಂಗೇ ಇತ್ತಕ್ಕ.”

“ಇಲ್ಲ, ಅಪ್ಪ ಯಾವಾಗ್ಲೂ ತೆಗೆದೇ ಇಡೋರು. ನೀನು ಮುಟ್ಟಿದ್ಯಾ?”

“ಅಪ್ಪನಾಣೆ ಮುಟ್ಟಿಲ್ಲ.”

“ಮತ್ತೆ ತಾನಾಗೇ ಮುಚ್ಕೊಳ್ತಾ?”

“ಅಯ್ಯೋ, ತೆಗೆದಿತ್ತಲ್ಲ, ಯಾರಾದ್ರೂ ಒಳಗಿರೋದನ್ನ ತಿದ್ದಿಬಿಡ್ತಾರೆ ಅಂತ ಭದ್ರವಾಗಿ ಮುಚ್ಚಿಟ್ಟೆ, ಅಷ್ಟೇ.”

“ಕಿಂಡಿ ತೆಗೆದಿದ್ರೆ ಒಂದಕ್ಷರಾನೂ ತಿದ್ದಕ್ಕಾಗಲ್ಲ ಕಣೋ. ಮುಚ್ಚಿದ್ರೇನೇ ಆಗೋದು. ಅಪ್ಪ ನಂಗೆ ಹೇಳ್ಕೊಟ್ಟಿದ್ರು.”

ತಮ್ಮ ರಸ್ತೆಯ ಕಡೆ ನೋಡಿದ.

“ಜಮೀನು ಭಾಗ ಆಗೋ ಹೊತ್ತಿಗೇ ನಿಂಗೆ ಭದ್ರ ಮಾಡೋದು ನೆನಪಾಯ್ತಾ?”

ಒಳಗಿನಿಂದ ಅಂಗಡಿಯವನು ಕರೆದ. “ಮೇಡಂ, ಬನ್ನಿ. ನಿಮ್ಮ ಹೆಸರು?”

ಅಕ್ಕ ಫ್ಲಾಪಿಯನ್ನು ಸೆರಗಿನಲ್ಲಿ ಹಿಡಿದು ಎದ್ದರು.

“ಗೌರಮ್ಮ. ಆ ಹೆಸರು ಇದ್ರೊಳಗೆ ಇನ್ನೂ ಇದ್ಯಾ, ಮೊದ್ಲು ಅದನ್ನ ನೋಡಿ ಹೇಳಪ್ಪ.”