ಖಂಡೆಪ್ಪನವರಿಗಾಗಿ ಫ್ಯಾನ್ ನಿಲ್ಲಿಸಲಿಲ್ಲ

ವೇದಿಕೆಯ ಮೇಲಿರುವ ಹಿರಿಯರೇ, ಸಂಘದ ಎಲ್ಲ ಸದಸ್ಯರೇ, ಮೇಲವಂಕಿಯಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ ತಾಯವ್ವಕ್ಕ — ಖಂಡೆಪ್ಪನವರ ಒಡಹುಟ್ಟಿದ ಅಕ್ಕ — ನಿಮಗೆಲ್ಲ ಶರಣು ಶರಣಾರ್ಥಿ.

ನಾನು ಯಲ್ಲಾಲಿಂಗ. ಗುಡ್ಡದ ಮೇಲಿನ ನಮ್ಮ ಗಾಳಿಯಂತ್ರ ನೋಡಿಕೊಳ್ಳುವವನು. ಕಾಗದದ ಮೇಲೆ ಅದಕ್ಕೆ ಏನೇನೋ ಹೆಸರಿದೆ. ನಮ್ಮ ಬಾಯಲ್ಲಿ ಮಾತ್ರ ಅದು ಫ್ಯಾನ್. ಮಾತಾಡು ಅಂದಿದ್ದೀರಿ. ಮಾತಾಡುತ್ತೇನೆ, ಆದರೆ ಭಾಷಣ ನನಗೆ ಬರುವುದಿಲ್ಲ. ಸಿಟ್ಟು ಮಾತ್ರ ಬರುತ್ತದೆ — ಅದು ನಿಮಗೆ ಗೊತ್ತೇ ಇದೆ.

ಲಿಂಗೈಕ್ಯ ಖಂಡೆಪ್ಪನವರು ನಮ್ಮ ಸಂಘದ ಅಧ್ಯಕ್ಷರು. ಕಬ್ಬಿನ ಬಿಲ್ ಬಂದಾಗ ಮನೆ ಮನೆಗೆ ತಿರುಗಿ ಈ ಫ್ಯಾನಿಗೆ ಷೇರು ಹಾಕಿಸಿದವರು. "ಗಾಳಿ ನಮ್ಮದು, ಗುಡ್ಡ ನಮ್ಮದು, ಕರೆಂಟ್ ಮಾರಿ ಬಂದದ್ದು ಮಂದೀಗ್ಯಾಕ ಹೋಗಬೇಕ್ರಿ?" ಅಂತ ಕೇಳಿದವರು. ಇವತ್ತು ಬೀದಿಯ ದೀಪ, ಓಣಿಯ ನಳ, ನಾವು ಕೂತಿರುವ ಈ ಸಭಾಭವನ — ಎಲ್ಲ ಆ ಫ್ಯಾನಿನ ದುಡಿಮೆ. ಇದು ನಿಮಗೆಲ್ಲ ಗೊತ್ತಿದ್ದ ಮಾತು.

ಕಟ್ಟೆಯ ಮಾತು ಹೇಳುತ್ತೇನೆ. ವರ್ಷದ ಸಭೆಯಲ್ಲಿ ಫ್ಯಾನಿನ ದುಡ್ಡಿನಿಂದ ಈ ಸಲ ಏನು ಮಾಡೋಣ ಅಂತ ಕೇಳಿದರೆ ಒಬ್ಬರು ಗಟಾರ ಅನ್ನುವರು, ಒಬ್ಬರು ರಸ್ತೆ ಅನ್ನುವರು. ಎಲ್ಲರದೂ ಮುಗಿದ ಮೇಲೆ ಅಧ್ಯಕ್ಷರು ಮೆಲ್ಲಗೆ ಕೈ ಎತ್ತುವರು — ಹೀಗೆ. "ಅದರ ಜೋಡಿ ಒಂದ ಕಟ್ಟಿ." ನಳದ ಹತ್ತಿರ ಕಟ್ಟೆ. ದವಾಖಾನೆ ಮುಂದೆ ಕಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಕಟ್ಟೆ, ಅದಕ್ಕೊಂದು ಚಾವಣಿ, ಚಾವಣಿಗೊಂದು ದೀಪ. ನಮ್ಮ ಶಾಲೆಯ ಸರಿತಾ ಮೇಡಂ ಒಮ್ಮೆ ತುಂಬಿದ ಸಭೆಯಲ್ಲಿ ಅಂದರು: "ಅಧ್ಯಕ್ಷರ, ಊರಾಗ ನಿಂದ್ರಾಕ ಜಾಗಾ ಉಳದಿಲ್ರಿ, ಎಲ್ಲಾ ಕಡೆ ಕುಂದ್ರೂದ ಆತು!" ಅವರೂ ನಕ್ಕರು, ನಾವೂ ನಕ್ಕೆವು.

ಆದರೆ ನಳದ ಕಟ್ಟೆಯನ್ನು ಗೌಂಡಿ ಚಿಕ್ಕದು ಮಾಡಿದ್ದ. ಖಂಡೆಪ್ಪನವರು ಹೋಗಿ ಕೂತು ನೋಡಿದರು. ಬಾಜೂಕ್ಕೆ ಕೈಯಿಟ್ಟು ನೋಡಿದರು. "ಇನ್ನೊಬ್ಬಾಂವ ಎಲ್ಲಿ ಕುಂದ್ರಬೇಕಪಾ?" ಅಂದರು. ಒಡೆಸಿ ಮತ್ತೆ ಕಟ್ಟಿಸಿದರು.

ಮಕ್ಕಳಿರಲಿಲ್ಲ ಅವರಿಗೆ. ಹೆಂಡತಿ ಕೆಂಪವ್ವಕ್ಕ ಇದ್ದರು. ಆ ತಾಯಿ ತೀರಿಕೊಂಡ ದಿನದ ಮಾತು ನಾನು ಇಲ್ಲಿಯ ತನಕ ಯಾರ ಮುಂದೆಯೂ ಆಡಿಲ್ಲ. ಇವತ್ತು ಆಡಲೇಬೇಕು — ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಯಾರಾದರೂ ಸತ್ತರೆ ಮಣ್ಣಾಗುವ ತನಕ ನಮ್ಮೂರಲ್ಲಿ ಹಿಟ್ಟಿನ ಗಿರಣಿ ಬಂದ್, ಚಹಾದ ಅಂಗಡಿ ಬಂದ್. ಕೆಂಪವ್ವಕ್ಕ ಹೋದಾಗ ಹಿರಿಯರು, ಫ್ಯಾನೂ ಊರಿನ ಗಿರಣಿ ಇದ್ದಂತೆ, ಅದೂ ನಿಲ್ಲಲಿ ಅಂದರು. ಹೇಳಿದಂತೆ ನಿಲ್ಲಿಸಿದೆ. ಮಣ್ಣು ಮುಗಿಯಿತು. ಖಂಡೆಪ್ಪನವರು ಮನೆಗೆ ಹೋಗಲಿಲ್ಲ, ಸ್ನಾನದ ಒದ್ದೆ ಧೋತರದಲ್ಲೇ ಗುಡ್ಡ ಏರಿ ಬಂದರು. ಗಾಳಿ ಜೋರಿತ್ತು. ಫ್ಯಾನ್ ನಿಂತಿತ್ತು. ಅದರ ಬುಡದಲ್ಲಿ ಕುಂತರು.

"ಯಾಕ ನಿಲ್ಸೀರಿ ಇದನ್ನ?"

"ಅಕ್ಕಾರಿಗೆ ಮರ್ಯಾದಿರಿ."

ತಲೆ ಎತ್ತಿ ನಿಂತ ರೆಕ್ಕೆ ನೋಡಿದರು. ಆಮೇಲೆ ಅಂದರು — "ಯಲ್ಲಾಲಿಂಗಾ, ನನ್ನ ಮನಿ ಒಂದ ಸುಮ್ಮನಾಗೇತಿ, ಸಾಕು. ಊರೆಲ್ಲಾ ಯಾಕ ಸುಮ್ಮನಾಗಬೇಕೋ? ನಾ ಏನರೆ ಅಂದ್ರ ಹೂಂ ಅನ್ನಾಕ ಆಕಿ ಇದ್ಲು. ಇನ್ನ ಹಿತ್ತಲದಾಗ ಕುಂತ್ರ ಕೇಳೂದು ಇದೊಂದ. ಚಾಲೂ ಮಾಡಪಾ."

ಮಾಡಿದೆ. ರೆಕ್ಕೆ ಮೆಲ್ಲಗೆ ತಿರುಗಿತು. ಹೂಂ — ಹೂಂ — ಅಂತ ಅದರ ಸಪ್ಪಳ ಶುರುವಾಯಿತು. ಕೇಳಿಸಿಕೊಂಡರು. "ಈಗ ಮನೀಗೆ ಹೋಗ್ತೇನಿ" ಅಂತ ಎದ್ದರು.

ಬಂಧುಗಳೇ, ಇಷ್ಟು ಕಟ್ಟೆ ಕಟ್ಟಿಸಿದ ಮನುಷ್ಯ ಮಾತಾಡಲು ಫ್ಯಾನ್ ಹುಡುಕಿಕೊಂಡಿದ್ದರು. ಆಮೇಲೆ ದಿನಾ ಸಂಜೆ ನಾನು ಗುಡ್ಡ ಇಳಿದು ಬಂದರೆ ಬಸ್ ಸ್ಟ್ಯಾಂಡಿನ ಕಟ್ಟೆಯ ತುದಿಗೆ ಅವರು ಇರುತ್ತಿದ್ದರು, ಬಾಜೂ ಜಾಗ ಬಿಟ್ಟು. ನಾನು ಕೂರುತ್ತಿದ್ದೆ. ಬಹಳ ಮಾತೇನೂ ಇರುತ್ತಿರಲಿಲ್ಲ.

ಕಳೆದ ವಾರ ಅವರೇ ಹೋದರು. ಮಣ್ಣಿನ ದಿನ ಹಿರಿಯರಿಂದ ಮತ್ತೆ ಅಪ್ಪಣೆ ಬಂತು — ಫ್ಯಾನ್ ನಿಲ್ಲಿಸು. ನಾನು ನಿಲ್ಲಿಸಲಿಲ್ಲ. ಸೋಮಪ್ಪ ಕಾಕಾ ನಾಲ್ಕು ಮಂದಿಯ ಮುಂದೆ ಅಂದರು: "ಪಗಾರ ತಿಂದಾಂವ ನೀ. ಅಧ್ಯಕ್ಷರಿಗೆ ಇಷ್ಟೂ ಮರ್ಯಾದಿ ಇಲ್ಲೇನ?" ನನಗೂ ಸಿಟ್ಟು ಬಂತು, ಕಾರಣ ಹೇಳಲಿಲ್ಲ. ತಾಯವ್ವಕ್ಕ, ನೀವೂ ಮುಖ ತಿರುಗಿಸಿದಿರಿ. ಅದು ನನಗೆ ಬಹಳ ಚುಚ್ಚಿತು. ಇವತ್ತಿನ ಮೌನಾಚರಣೆಗಾದರೂ ಅದನ್ನು ಬಂದ್ ಮಾಡು ಅಂತ ಈ ಸಭೆಗೆ ಮುಂಚೆ ಕಮಿಟಿಯವರು ಹೇಳಿದ್ದಾರೆ. ಕಾರಣ ಈಗ ಹೇಳಿದೆ. ಇನ್ನು ನೀವು ಏನು ಅನ್ನುತ್ತೀರೋ ಅನ್ನಿ.

ಖರೆ ಹೇಳ್ತೇನ್ರಿ — ನಾನೂ ಈಗ ಒಬ್ಬಾಂವ ಆಗೇನಿ. ನಿನ್ನೆ ಸಂಜೆ ಕಟ್ಟೆಗೆ ಹೋದೆ. ತುದಿ ಖಾಲಿ ಇತ್ತು. ಅಲ್ಲಿ ಕೂರಲು ಮನಸ್ಸಾಗಲಿಲ್ಲ, ನನ್ನ ಜಾಗದಲ್ಲೇ ಕೂತೆ. ಕೆಟ್ಟ ಒಂಟಿತನ ಅದು. ಇಷ್ಟು ವರ್ಷ ಅವರು ಇದನ್ನು ಹೊತ್ತುಕೊಂಡು ನಗುತ್ತಿದ್ದರು ಅಂತ ನಿನ್ನೆ ತಿಳಿಯಿತು.

ತಾಯವ್ವಕ್ಕ... ನೀವು ತಲೆ ಆಡಿಸಿದ್ದು ಕಾಣಿಸಿತು. ಸಾಕ್ರಿ ನನಗ. ಸೋಮಪ್ಪ ಕಾಕಾ, ನೀವೂ ಕಣ್ಣು ಒರೆಸಿಕೊಳ್ಳಿರಿ, ಆ ಮಾತು ಅಲ್ಲಿಗೇ ಮುಗಿಯಿತು.

ಈಗ ಎಲ್ಲರೂ ಎದ್ದು ನಿಲ್ಲೋಣ. ಮೊಬೈಲ್ ಒಳಗಿಡಿ. ಮಹಾಂತೇಶ, ಕಿಟಕಿ ತೆರೆಯಪ್ಪ, ಆಮೇಲೆ ಈ ಮೈಕ್ ಬಂದ್ ಮಾಡು. ನಾವು ಸುಮ್ಮನಿರೋಣ, ಫ್ಯಾನ್ ತಿರುಗಲಿ. ಖಂಡೆಪ್ಪನವರು ಹಿತ್ತಲಲ್ಲಿ ಒಬ್ಬರೇ ಕೂತು ಕೇಳುತ್ತಿದ್ದುದನ್ನು ಇವತ್ತೊಂದು ದಿನ ಊರೆಲ್ಲ ಕೂಡಿ ಕೇಳೋಣ.